ಗಾಜಿನ ಕಿಟಕಿಗೊಂದು ತೋಟ

ಜನವರಿ ೧೮

ಅತ್ತೆಯವರಿಗೆ ನಮಸ್ಕಾರ.

ಈ ಮೊದಲ ಪದ ಬರೆಯುವುದರಲ್ಲೇ ಹಾಳೆಗಳು ಹರಿದುಹೋದವು. "ಅಮ್ಮನವರಿಗೆ" ಎಂದರೆ ಬೇರೆ ಯಾರಿಗೋ ಬರೆದಂತಿತ್ತು. ನಿಮ್ಮ ಹೆಸರು ಹಾಕಿದರೆ ನೀರು ಸರಬರಾಜು ಕಚೇರಿಯಿಂದ ಬಂದ ನೋಟೀಸಿನಂತೆ ಕಾಣುತ್ತಿತ್ತು. ಕೋರ್ಟಿನ ಲೆಕ್ಕದಲ್ಲಿ ನಾನೀಗ ನಿಮ್ಮ ಸೊಸೆಯಲ್ಲ. ಆದರೆ ಒಂಬತ್ತು ವರ್ಷ ನಾಲಿಗೆಯ ಮೇಲಿದ್ದ ಪದ ಒಂದು ಮೊಹರು ಬಿದ್ದ ಮಾತ್ರಕ್ಕೆ ಎದ್ದು ಹೋಗುವುದಿಲ್ಲ. ನಿಮಗೆ ಇರುಸುಮುರುಸಾದರೆ ಹೇಳಿ, ಬೇರೆ ಹುಡುಕುತ್ತೇನೆ.

ಫೋನು ಮಾಡಬಹುದಿತ್ತು. ಮಾಡಿದರೆ ಇಬ್ಬರೂ "ಊಟ ಆಯ್ತಾ", "ಆಯ್ತು" ಎಂದು ಇಟ್ಟುಬಿಡುತ್ತೇವೆ. ಅದಕ್ಕೇ ಈ ಕಾಗದ.

ಇಲ್ಲಿ ನನಗೊಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ. ರಸ್ತೆಗೆ ಕಾಣುವ ಗಾಜಿನ ಕಿಟಕಿಯೊಳಗೆ ಬೊಂಬೆಗಳಿಗೆ ಬಟ್ಟೆ ತೊಡಿಸಿ, ಅವುಗಳ ಸುತ್ತ ಒಂದು ಪುಟ್ಟ ಲೋಕ ಕಟ್ಟುವುದು. ನೀವು ನಗುತ್ತೀರಿ ಎಂದು ಗೊತ್ತು. ಮನೆಯಲ್ಲಿದ್ದಾಗ ಕೆಟ್ಟ ಕೆಟಲ್ಲಿಗೆ ಬಣ್ಣ ಬಳಿದು ಮರಕ್ಕೆ ನೇತುಹಾಕಿದರೆ "ಬಣ್ಣದ ಡಬ್ಬೀ, ಇದೇನು ಹಿತ್ತಲಾ, ಗುಜರಿ ಅಂಗಡೀನಾ" ಎನ್ನುತ್ತಿದ್ದಿರಿ. ಈಗ ಅದಕ್ಕೇ ಸಂಬಳ ಕೊಡುತ್ತಾರೆ.

ಬೇಸಿಗೆ ಬಟ್ಟೆ ಬರುವ ಹೊತ್ತಿಗೆ ಕಿಟಕಿ ತುಂಬ ತೋಟ ಇರಬೇಕಂತೆ. ಮಾಲೀಕರು ಹೇಳಿದ್ದು ಹೀಗೆ: "ತೋಟ ನೋಡಿ ಜನ ನಗ್ಬೇಕು, ನಿಂತು ನೋಡ್ಬೇಕು. ಪ್ಲಾಸ್ಟಿಕ್ ಹೂವು ಒಂದು ಕಂಡ್ರೂ ನಿನ್ನನ್ನೇ ಬೊಂಬೆ ಮಾಡಿ ನಿಲ್ಲಿಸ್ತೀನಿ." ನನ್ನ ತಲೆ ಖಾಲಿ. ನಾನಿರುವುದು ಮೂರನೇ ಮಹಡಿಯ ಒಂದು ಕೋಣೆ. ಕಿಟಕಿಯಿಂದ ಕಾಣುವುದು ಎದುರು ಕಟ್ಟಡದ ನೀರಿನ ಪೈಪುಗಳು. ನಮ್ಮ ಹಿತ್ತಲಲ್ಲಿ (ನಿಮ್ಮ ಹಿತ್ತಲಲ್ಲಿ) ನಾನು ಮಾಡಿಟ್ಟದ್ದೆಲ್ಲ ಇನ್ನೂ ಇದ್ದರೆ ಒಂದೆರಡು ಫೋಟೋ ಕಳಿಸುತ್ತೀರಾ? ನನಗೇ ಸರಿಯಾಗಿ ನೆನಪಿಲ್ಲ.

ನಿಮ್ಮ,
ಬಣ್ಣದ ಡಬ್ಬಿ

ಜನವರಿ ೨೯

ಬಣ್ಣದ ಡಬ್ಬಿಗೆ,

ಅತ್ತೆ ಎಂದೇ ಕರೆ. ಹೆರಿಗೆ ವಾರ್ಡಿನ ಕೆಲಸದಿಂದ ನನಗೆ ಹಾರ ಹಾಕಿ ನಿವೃತ್ತಿ ಕೊಟ್ಟರು. ಅತ್ತೆತನದಿಂದ ಯಾರೂ ನಿವೃತ್ತಿ ಕೊಟ್ಟಿಲ್ಲ.

ಹಿತ್ತಲಿನ ಫೋಟೋ ನನ್ನಿಂದ ಆಗದ ಮಾತು. ನಾನು ತೆಗೆದರೆ ನನ್ನ ಹೆಬ್ಬೆರಳು ಮಾತ್ರ ಚೆನ್ನಾಗಿ ಬರುತ್ತದೆ. ಮತ್ತೆ, ಹಳೆಯದನ್ನೇ ನೋಡಿ ಹೊಸದು ಮಾಡುವುದಕ್ಕಾಗುತ್ತದೆಯೇ? ನನಗೆ ಬೇರೊಂದು ಹೊಳೆಯಿತು. ನಮ್ಮೂರಲ್ಲಿ ತೋಟ ಬೆಳೆಸುವವರ ಸಂಘವೊಂದಿದೆ. ಈ ಕಾಲದಲ್ಲಿ ಭಾನುವಾರ ಒಬ್ಬೊಬ್ಬರು ತಮ್ಮ ಮನೆಯ ಗೇಟು ತೆರೆದಿಡುತ್ತಾರೆ. ಯಾರು ಬೇಕಾದರೂ ಒಳಗೆ ಹೋಗಿ ನೋಡಬಹುದು. ಊರವರ ಹಿತ್ತಲು ಇಣುಕುವುದಕ್ಕೆ ಬಾಗಿಲು ತೆರೆದು ಕರೆಯುವಾಗ ಮನೆಯಲ್ಲಿ ಯಾಕೆ ಕೂರಬೇಕು? ನಾನು ನೋಡುತ್ತೇನೆ, ನಿನಗೆ ಬರೆಯುತ್ತೇನೆ, ನೀನು ಕಿಟಕಿಯೊಳಗೆ ಕಟ್ಟು.

ಮೊನ್ನೆ ಭಾನುವಾರ ಶುರುಮಾಡಿಬಿಟ್ಟೆ. ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋಗಲು ಒಬ್ಬಳು ಇದ್ದಾಳೆ. ಜನರಿಗೆ ಕಾರು ಓಡಿಸಲು ಕಲಿಸುವುದು ಅವಳ ಕೆಲಸ. ನಾನು ಅವಳನ್ನು ಸಾರಥಿ ಎನ್ನುತ್ತೇನೆ. ಮೊದಲು ಹೋದದ್ದು ಹಲ್ಲಿನ ಡಾಕ್ಟರೊಬ್ಬರ ಮನೆಗೆ. ಹುಲ್ಲಿನ ನಡುವೆ ಅವರ ಹಳೇ ಕುರ್ಚಿ. ಅದೇ, ಒರಗಿ ಬಾಯಿ ತೆರೆಯುವ ಕುರ್ಚಿ. ಅದರಲ್ಲಿ ಒಂದು ದೊಡ್ಡ ಕಳ್ಳಿ ಗಿಡ, ಎರಡೂ ಕೈ ಮೇಲೆತ್ತಿ "ಬೇಡ ಡಾಕ್ಟ್ರೇ" ಎನ್ನುವಂತೆ ಕೂತಿದೆ. ಬಾಯಿ ಮುಕ್ಕಳಿಸುವ ಬಟ್ಟಲಲ್ಲಿ ಗುಬ್ಬಿಗಳು ಸ್ನಾನ ಮಾಡುತ್ತವೆ. ನಾನು ಗಂಭೀರವಾಗಿ ನೋಡುತ್ತಿದ್ದೆ. ಸಾರಥಿ ಗಟ್ಟಿಯಾಗಿ ಹೇಳಿದಳು: "ಈ ಕುರ್ಚಿ ಎಷ್ಟು ಜನರನ್ನ ಅಳಿಸಿದೆಯೋ. ಈಗ ಪಾಪ, ಕೂತಲ್ಲೇ ಪುಣ್ಯ ಸಂಪಾದಿಸ್ತಿದೆ." ಡಾಕ್ಟರು ನಮ್ಮ ಹಿಂದೆಯೇ ನಿಂತಿದ್ದರು. ನಾನು ನೆಲ ನೋಡಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಇದು ನಿನ್ನ ಕಿಟಕಿಗೆ ಆಗುತ್ತದೆಯೇ ತಿಳಿಸು. ಸರಿಯಾಗಿ ಊಟ ಮಾಡು. ಬಣ್ಣದ ಕೈಯಲ್ಲಿ ತಿನ್ನಬೇಡ.

ಅತ್ತೆ

ಫೆಬ್ರುವರಿ ೯

ಅತ್ತೆ,

ನಿಮ್ಮ ಕಾಗದವನ್ನು ಅಂಗಡಿಯ ಗೋದಾಮಿನಲ್ಲಿ, ಬೊಂಬೆಗಳ ನಡುವೆ ಕೂತು ಓದಿದೆ. ಒಬ್ಬಳೇ ನಗುವುದನ್ನು ಕೇಳಿ ದರ್ಜಿ ಬಂದು ಇಣುಕಿ ನೋಡಿ ಹೋದ. ನಿಮ್ಮಲ್ಲಿ ಇಷ್ಟು ತಮಾಷೆ ಇತ್ತೆಂದು ಒಂದೇ ಮನೆಯಲ್ಲಿದ್ದಾಗ ಗೊತ್ತೇ ಆಗಲಿಲ್ಲ. ಅಥವಾ ಅದು ಸಾರಥಿಯ ಸಹವಾಸವೋ?

ಹಲ್ಲಿನ ಕುರ್ಚಿ ಇಲ್ಲಿ ಸಿಗಲಿಲ್ಲ, ಕ್ಷೌರದಂಗಡಿಯ ಹಳೇ ಕುರ್ಚಿ ಸಿಕ್ಕಿತು. ಅದರಲ್ಲಿ ಕಳ್ಳಿ ಗಿಡ ಕೂರಿಸಿದೆ, ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿದೆ. ಪಕ್ಕದಲ್ಲಿ ಕತ್ತರಿ ಹಿಡಿದ ಬೊಂಬೆ, ಎಲ್ಲಿಂದ ಕತ್ತರಿಸಲಿ ಎಂದು ಯೋಚಿಸುತ್ತಿರುವ ಹಾಗೆ. ಮಾಲೀಕರು ಬಂದು ನೋಡಿದರು. ಆಮೇಲೆ ಹೆಂಡತಿಯನ್ನು ಕರೆದುಕೊಂಡು ಬಂದು ತೋರಿಸಿದರು. ಗೆದ್ದೆ ಎಂದುಕೊಂಡೆ.

ಇನ್ನೂ ಬೇಕು. ಕಿಟಕಿ ದೊಡ್ಡದು, ಒಂದು ಕುರ್ಚಿಗೆ ತುಂಬುವುದಿಲ್ಲ. ತೋಟದ ಜೊತೆ ಸಾರಥಿ ಏನಂದಳು ಎಂಬುದನ್ನೂ ತಪ್ಪದೆ ಬರೆಯಿರಿ. ಅವಳ ಕಣ್ಣು ಬೇರೆಯೇ ಇದೆ. ಅವಳಿಗೆ ನನ್ನ ನಮಸ್ಕಾರ ಹೇಳಿ.

ಡಬ್ಬಿ

ಫೆಬ್ರುವರಿ ೨೦

ಡಬ್ಬಿಗೆ,

ನಿನ್ನ ನಮಸ್ಕಾರ ತಲುಪಿಸಿದೆ. ಸಾರಥಿ ಕಾರಿನ ಕನ್ನಡಿ ಒರೆಸುತ್ತ "ನಂದೂ ಹೇಳಿ" ಎಂದಳು.

ಈ ಸಲ ಎರಡು ತೋಟ. ಒಂದು ಛತ್ರಿ ರಿಪೇರಿ ಮಾಡುವವರದ್ದು. ಬಟ್ಟೆ ಹರಿದುಹೋದ ಛತ್ರಿಗಳನ್ನು ಹೆಂಡತಿ ಎಸೆಯಲು ಬಿಡುವುದಿಲ್ಲವಂತೆ. ಬರೀ ಕಡ್ಡಿಗಳ ಛತ್ರಿಗಳನ್ನು ತಲೆಕೆಳಗಾಗಿ ತೂಗುಹಾಕಿ ಬಳ್ಳಿ ಹಬ್ಬಿಸಿದ್ದಾರೆ. ಕೆಳಗೆ ನಿಂತರೆ ಹಸಿರು ಮಳೆ ಮೇಲಕ್ಕೆ ಸುರಿಯುತ್ತಿರುವ ಹಾಗಿದೆ. ಆದರೆ ದಾರಿ ಎಷ್ಟು ಕಿರಿದು ಎಂದರೆ ಇಬ್ಬರು ಎದುರಾದರೆ ಒಬ್ಬರು ಗಿಡವಾಗಬೇಕು. ಸಾರಥಿ ಎಂದಳು: "ಇಲ್ಲಿ ಬರೋರೆಲ್ಲ ರಿವರ್ಸಲ್ಲೇ ವಾಪಸ್ ಹೋಗ್ಬೇಕು. ನನ್ನ ಹತ್ರ ಕಲಿಯೋರನ್ನ ಪರೀಕ್ಷೆಗೆ ಇಲ್ಲಿಗೇ ಕರ್ಕೊಂಡು ಬರ್ತೀನಿ."

ಇನ್ನೊಂದು ಅಣ್ಣ ತಮ್ಮಂದಿರದ್ದು. ಒಂದೇ ತೋಟಕ್ಕೆ ನಡುವೆ ಹಗ್ಗ ಕಟ್ಟಿ ಪಾಲು ಮಾಡಿಕೊಂಡಿದ್ದಾರೆ. ಅಣ್ಣನ ಕಡೆ ಎಲ್ಲವೂ ಗೆರೆ ಹೊಡೆದಂತೆ. ತಮ್ಮನ ಕಡೆ ನಾನು ಏನು ಹೇಳಲಿ! ಗೋಡೆಯಿಲ್ಲದೆ ಒಂದು ಬಾಗಿಲು ಮಾತ್ರ ನಿಂತಿದೆ. ಚೌಕಟ್ಟು, ಚಿಲಕ, ಕರೆಗಂಟೆ ಎಲ್ಲ ಇದೆ, ಸುತ್ತ ಏನೂ ಇಲ್ಲ. ಪಕ್ಕದಿಂದ ನಡೆದು ಹೋಗಬಹುದು. ಸಾರಥಿ ಗಂಟೆ ಒತ್ತಿದಳು. ಒಳಗಿನಿಂದ ತಮ್ಮ ಓಡಿ ಬಂದು, ಬಾಗಿಲ ಆಚೆ ನಿಂತು, "ಯಾರು?" ಎಂದ. ನಾವು ಕಾಣಿಸುತ್ತಲೇ ಇದ್ದೇವೆ! "ತೋಟ ನೋಡೋಕೆ ಬಂದಿದ್ದೀವಿ" ಎಂದಳು. "ಬನ್ನಿ ಬನ್ನಿ" ಎಂದು ಚಿಲಕ ತೆಗೆದ. ಅಣ್ಣನೂ ಹಾಗೇ ಬರುತ್ತಾರಂತೆ. ಹಗ್ಗ ದಾಟುವುದು ಅವಮಾನ, ಅದಕ್ಕೆ ದಿನಾ ಸಂಜೆ ಸುತ್ತು ಹಾಕಿ ಬಂದು, ಗಂಟೆ ಒತ್ತಿ, ಒಳಗೆ ಬಂದು ಚಹಾ ಕುಡಿದು ಹೋಗುತ್ತಾರೆ. ಹಗ್ಗ ಯಾಕೆ ಕಟ್ಟಿದರು ಎಂದು ಕೇಳಬೇಕೆನಿಸಿತು. ಸಾರಥಿ ಮೊಣಕೈಯಿಂದ ತಿವಿದಳು, ಬಿಟ್ಟೆ.

ಬರುವಾಗ ದಾರಿಯುದ್ದಕ್ಕೂ ನಾನು ಆ ಬಾಗಿಲನ್ನೇ ಯೋಚಿಸುತ್ತಿದ್ದೆ. ಸಾರಥಿಯೂ ಅದನ್ನೇ ಯೋಚಿಸುತ್ತಿದ್ದಳು ಎಂದು ಕಾಣುತ್ತದೆ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ಕೂತು ಅವಳ ಎಡಗೈ ಕಿಟಕಿಯ ಬಿಸಿಲಿಗೆ ಬಲಗೈಗಿಂತ ಕಪ್ಪಾಗಿದೆ. ಮುಲಾಮು ಹಚ್ಚು ಎಂದರೆ ಕೇಳುವುದಿಲ್ಲ.

ಅತ್ತೆ

ಮಾರ್ಚ್ ೩

ಅತ್ತೆ,

ಬಾಗಿಲು! ನಾನೂ ಮಾಡಿಬಿಟ್ಟೆ. ಕಿಟಕಿಯ ನಟ್ಟನಡುವೆ, ಕೆಂಪು ಬಣ್ಣದ್ದು. ಒಂದು ಬೊಂಬೆ ಗಂಟೆ ಒತ್ತಲು ಕೈ ಚಾಚಿದೆ, ಆಚೆ ಬದಿಯಲ್ಲಿ ಇನ್ನೊಂದು ಬೊಂಬೆ ತಲೆಗೂದಲು ಸರಿಮಾಡಿಕೊಳ್ಳುತ್ತಿದೆ. ಛತ್ರಿಗಳೂ ಆಗುತ್ತಿವೆ. ತಿಂಗಳ ಕೊನೆಗೆ ಪರದೆ ತೆಗೆಯುತ್ತಾರೆ. ನೀವು ಬರಬೇಕು. ಸಾರಥಿಯನ್ನೂ ಕರೆದುಕೊಂಡು ಬರಬೇಕು. ಅರ್ಧ ಕಿಟಕಿ ಅವಳದ್ದೇ. ನನ್ನ ಕೋಣೆಯಲ್ಲಿ ಮೂವರು ಮಲಗಬಹುದು, ಒಬ್ಬರು ಹೊರಳುವಾಗ ಮಿಕ್ಕವರಿಗೆ ಹೇಳಬೇಕು, ಅಷ್ಟೆ.

ಈ ಕಾಗದದ ಜೊತೆ ಒಂದು ಪೊಟ್ಟಣ ಇದೆ. ಅಂಗಡಿಯಲ್ಲಿ ಉಳಿದ ಹತ್ತಿ ಬಟ್ಟೆಯಲ್ಲಿ ಸಾರಥಿಗೆ ಮೊಣಕೈ ಮುಟ್ಟುವ ಕೈಗವಸು ಹೊಲಿದಿದ್ದೇನೆ. ಎಡಗೈಯದ್ದಕ್ಕೆ ಎರಡು ಪದರ. ಅಂಚಿಗೆ ಪುಟ್ಟ ಛತ್ರಿಗಳ ಕಸೂತಿ. ಅಳತೆ ಗೊತ್ತಿಲ್ಲದೆ ಊಹೆಯಲ್ಲೇ ಕತ್ತರಿಸಿದೆ.

ಅತ್ತೆ, ಒಂದು ಮಾತು. ನಾನು ಹಿತ್ತಲಿನ ಸುದ್ದಿ ಕೇಳಿದಾಗಿನಿಂದ ನೀವು ಜಾರಿಕೊಳ್ಳುತ್ತಿದ್ದೀರಿ. ನನಗೆ ಅರ್ಥವಾಗುತ್ತದೆ. ಎಲ್ಲವನ್ನೂ ಗುಜರಿಯವನಿಗೆ ಕೊಟ್ಟಿರಿ, ಅಲ್ಲವೇ? ಕೊಟ್ಟಿದ್ದರೆ ಕೊಟ್ಟಿರಲಿ, ನನಗೇನೂ ಬೇಸರವಿಲ್ಲ. ಅದನ್ನು ಹೇಳಲು ಹಿಂಜರಿದು ಊರೆಲ್ಲ ಸುತ್ತಿ ನನಗೆ ಬೇರೆ ತೋಟಗಳನ್ನು ಕೊಟ್ಟಿರಲ್ಲ, ಅದು ನನಗೆ ದೊಡ್ಡದು. ನಾನು ಹೊರಟು ಬಂದಾಗ ನನಗಿದ್ದ ಚಿಂತೆ ಒಂದೇ. ನಿಮ್ಮ ಮಗ ಮಾತಾಡುವವನಲ್ಲ. ಆ ಮನೆಯಲ್ಲಿ ನೀವು ಯಾರ ಜೊತೆ ಮಾತಾಡುತ್ತೀರಿ ಎಂದು. ಈಗ ಸಾರಥಿ ಇದ್ದಾಳೆ. ನಿಶ್ಚಿಂತೆಯಾಯಿತು.

ಡಬ್ಬಿ

ಮಾರ್ಚ್ ೧೨

ಡಬ್ಬಿಗೆ,

ಈ ಕಾಗದ ಪೂರ್ತಿ ಓದು. ನಡುವೆ ಬಿಸಾಡಬೇಡ.

ನಿನ್ನ ಪೊಟ್ಟಣ ಬಂದಾಗ ನಾನು ಅಡುಗೆಮನೆಯಲ್ಲಿದ್ದೆ. ಸಾರಥಿಯೇ ಬಿಚ್ಚಿದಳು. ಒಂದು ಕೈಗವಸು ಹಾಕಿಕೊಂಡಳು, ಹೇಳಿ ಹೊಲಿಸಿದ ಹಾಗೆ ಕೂತಿತು. ಆಮೇಲೆ ನೀನು ಇಟ್ಟಿದ್ದ ಚೀಟಿ ನೋಡಿದಳು: "ನಾನು ಕಾಣದ ಗೆಳತಿಗೆ." ಕೈಗವಸನ್ನು ಮೆಲ್ಲಗೆ ತೆಗೆದು, ಮಡಿಸಿ, ಮೇಜಿನ ಮೇಲಿಟ್ಟಳು.

"ಅತ್ತೆ, ಇದು ನಂಗೆ ಬಂದಿದ್ದಲ್ಲ" ಎಂದಳು.

"ನಿಂಗೇ ಬಂದಿದ್ದು."

"ಸಾರಥಿಗೆ ಬಂದಿದ್ದು. ನಾನು ಯಾರು ಅಂತ ಗೊತ್ತಿದ್ರೆ ಅವರು ಕಳಿಸ್ತಿದ್ರಾ?"

ನಾನು ಆ ಚೀಟಿಯನ್ನು ಎತ್ತಿಕೊಂಡೆ.

"ನೀವು ಹೇಳಿಬಿಡಿ. ಹೇಳೋವರೆಗೂ ನಾನು ಯಾವ ತೋಟಕ್ಕೂ ಬರಲ್ಲ."

ಅವಳು ನನ್ನನ್ನು ಅತ್ತೆ ಎಂದು ಕರೆದಳು, ಓದಿದೆಯಲ್ಲ. ಅವಳು ನನ್ನ ಮಗನ ಹೆಂಡತಿ. ಕಳೆದ ಸೆಪ್ಟೆಂಬರಿನಲ್ಲಿ ಮದುವೆಯಾಯಿತು. ನೀನು ಹೋದ ಮೇಲೆ ಅವನು ಕಾರು ಕಲಿಯಲು ಸೇರಿಕೊಂಡ, ಅಲ್ಲಿ ಪರಿಚಯ. ನೀನು ಈ ಮನೆಯಲ್ಲಿದ್ದಾಗ ಅವರಿಬ್ಬರಿಗೆ ಪರಸ್ಪರ ಗೊತ್ತಿರಲಿಲ್ಲ. ಇದರಲ್ಲಿ ಸುಳ್ಳಿಲ್ಲ.

ಹಿತ್ತಲು ಹಾಗೇ ಇದೆ. ಎಲ್ಲ ತೆಗೆದು ಕಾರು ನಿಲ್ಲಿಸಲು ಸಿಮೆಂಟು ಹಾಕಿಸೋಣ ಎಂದು ಅವನು ಹೇಳಿದಾಗ ಇವಳೇ ತಡೆದಳು. "ಇದನ್ನ ಮಾಡ್ದೋರನ್ನ ಕೇಳ್ದೆ ಮುಟ್ಟೋಕಾಗಲ್ಲ" ಎಂದಳು. ಫೋಟೋ ಕಳಿಸದಿದ್ದುದು ಏಕೆಂದರೆ, ಎಲ್ಲಿ ನಿಂತು ತೆಗೆದರೂ ಅದರಲ್ಲಿ ಅವಳ ಬಟ್ಟೆ ಒಣಗುತ್ತಿರುತ್ತದೆ, ಅವಳ ಡ್ರೈವಿಂಗ್ ಶಾಲೆಯ ಕಾರು ನಿಂತಿರುತ್ತದೆ.

ಮೊದಲ ಕಾಗದದಲ್ಲೇ ಬರೆಯಬೇಕಿತ್ತು. "ಒಬ್ಬಳು ಇದ್ದಾಳೆ" ಎಂದು ಬರೆದೆ, ಮುಂದಿನ ವಾಕ್ಯ ಬರಲಿಲ್ಲ. ನೀನು ನಕ್ಕೆ ಎಂದು ಬರೆದೆ. ಒಮ್ಮೆ ನಕ್ಕವಳನ್ನು ಅಳಿಸುವುದು ಹೇಗೆ ಎಂದುಕೊಂಡೆ. ಹಾಗೇ ಮುಂದೆ ಹೋಯಿತು. ವಾರ್ಡಿನಲ್ಲಿ ಎಷ್ಟೋ ಜನರಿಗೆ ಎಂಥೆಂಥ ಸುದ್ದಿ ನಿಂತ ನಿಲುವಿನಲ್ಲಿ ಹೇಳಿದವಳು ನಾನು. ನಿನಗೆ ಹೇಳಲಾಗಲಿಲ್ಲ.

ಕೈಗವಸು ನನ್ನ ಬಳಿ ಇದೆ. ಏನು ಮಾಡಲಿ ಎಂದು ನೀನೇ ಹೇಳು.

ಅತ್ತೆ

ಮಾರ್ಚ್ ೨೧

ನಮಸ್ಕಾರ.

ತಮ್ಮ ಕಾಗದ ತಲುಪಿತು. ಕಿಟಕಿಗೆ ಬೇಕಾದಷ್ಟು ವಿಷಯ ಸಿಕ್ಕಿರುವುದರಿಂದ ಇನ್ನು ಶ್ರಮ ತೆಗೆದುಕೊಳ್ಳುವುದು ಬೇಡ. ಹಿತ್ತಲನ್ನು ಅಲ್ಲಿರುವವರು ಏನು ಬೇಕಾದರೂ ಮಾಡಿಕೊಳ್ಳಲಿ, ನನ್ನನ್ನು ಕೇಳುವ ಅಗತ್ಯವಿಲ್ಲ. ಆರೋಗ್ಯ ನೋಡಿಕೊಳ್ಳಿ.

ಏಪ್ರಿಲ್ ೧೫

ಡಬ್ಬಿಗೆ,

ನೀನು ಉತ್ತರ ಬರೆಯಲೇಬೇಕು ಎಂದು ಇದನ್ನು ಬರೆಯುತ್ತಿಲ್ಲ. ನಿನ್ನ ಕಿಟಕಿಯ ಪರದೆ ತೆಗೆದಿರಬೇಕು. ಚೆನ್ನಾಗಿ ಬಂದಿರುತ್ತದೆ.

ಹೋದ ಭಾನುವಾರ ಒಬ್ಬಳೇ ಹೋದೆ, ಬಸ್ಸಿನಲ್ಲಿ. ಸಾರಥಿ ಬಿಡುತ್ತೇನೆ ಎಂದಳು, ನಾನೇ ಬೇಡ ಎಂದೆ. ಕಣ್ಣಿನ ಕನ್ನಡಕ ಮಾಡುವವರ ತೋಟ. ಹಳೇ ಸ್ನಾನದ ತೊಟ್ಟಿಯೊಂದನ್ನು ಕೊಳ ಮಾಡಿ ಮರದ ಬಾತುಕೋಳಿಗಳನ್ನು ಬಿಟ್ಟಿದ್ದಾರೆ. ಎಲ್ಲ ಬಾತುಗಳಿಗೂ ಕನ್ನಡಕ. ಒಂದಕ್ಕೆ ಮಾತ್ರ ಮೂಗಿನ ತುದಿಗೆ ಜಾರಿದೆ, ಥೇಟ್ ನಮ್ಮ ವಾರ್ಡಿನ ದೊಡ್ಡ ಡಾಕ್ಟರಮ್ಮನ ಹಾಗೆ. ನೋಡಿದ ಕೂಡಲೇ ಹೇಳಬೇಕೆಂದು ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಸಾರಥಿ ಇಲ್ಲ. ಮನೆಗೆ ಹೋಗಿ ನಿನಗೆ ಬರೆಯುತ್ತೇನೆ ಎಂದುಕೊಂಡೆ, ಬರೆಯುವ ಹಾಗೂ ಇಲ್ಲ. ಬೇರೆ ಯಾರೋ ಅಪರಿಚಿತ ಹೆಂಗಸಿಗೆ ಹೇಳಿದೆ. ಅವರು "ಹೌದಾ" ಎಂದು ಮುಂದೆ ಹೋದರು.

ತೋಟ ಚೆನ್ನಾಗಿತ್ತು. ನನಗೆ ಸಾಕಾಯಿತು, ಬೇಗ ಹೊರಟು ಬಂದೆ.

ನೀನು ಸಿಟ್ಟಾಗಿರುವುದು ಸರಿ. ಸಿಟ್ಟಿನಲ್ಲಿ ಊಟ ಬಿಡಬೇಡ, ಅದಷ್ಟೇ.

ಅತ್ತೆ

ಮೇ ೩೦

ಅತ್ತೆ,

ಬಾತುಕೋಳಿಗಳ ಕಾಗದ ಬಂದು ತುಂಬ ದಿನವಾಯಿತು. ಓದಬಾರದು ಎಂದು ಪೆಟ್ಟಿಗೆಯ ಅಡಿಯಲ್ಲಿಟ್ಟೆ, ಓದಿದೆ, ಮತ್ತೆ ಇಟ್ಟೆ.

ಪರದೆ ತೆಗೆದ ದಿನ ಜನ ಸೇರಿದ್ದರು. ಮಾಲೀಕರು ಎಲ್ಲರೆದುರು ನನ್ನನ್ನು ಹೊಗಳಿದರು. "ಎಲ್ಲಿಂದ ಹೊಳೀತಮ್ಮ ಇದೆಲ್ಲ?" ಎಂದು ಕೇಳಿದರು. ಬೊಂಬೆಯ ಬಟ್ಟೆ ಸರಿಮಾಡುವ ನೆಪದಲ್ಲಿ ಅತ್ತ ತಿರುಗಿದೆ. ಆ ಬಾಗಿಲಿನ ಗಂಟೆಯನ್ನು ಒತ್ತಿದವಳು ಯಾರು ಎಂದು ಗೊತ್ತಾದ ಮೇಲೆ ಅದನ್ನು ನೋಡಲಾಗುತ್ತಿರಲಿಲ್ಲ, ಮರುದಿನ ಬೆಳಿಗ್ಗೆ ತೆಗೆದುಹಾಕಲು ಸುತ್ತಿಗೆ ಹಿಡಿದು ಕಿಟಕಿಯೊಳಗೆ ಹೋದೆ. ಹೊರಗೆ ಒಬ್ಬ ಅಜ್ಜ ಗಾಜಿಗೆ ಮೂಗು ಒತ್ತಿ ನಿಂತಿದ್ದರು. ನನ್ನನ್ನು ಕಂಡು, ಗಾಜಿನಾಚೆಯಿಂದಲೇ, ಗಂಟೆ ಒತ್ತುವ ಹಾಗೆ ಬೆರಳು ಮಾಡಿದರು. ನಾನೇನು ಮಾಡಲಿ? ಬಾಗಿಲು ತೆರೆದೆ. ಅವರು ಟೋಪಿ ತೆಗೆದು ಬಗ್ಗಿ ನಮಸ್ಕಾರ ಮಾಡಿ ಹೋದರು. ಸುತ್ತಿಗೆ ವಾಪಸ್ ಇಟ್ಟೆ.

ಹೋದ ವಾರ, ಈ ಊರಿಗೆ ಬಂದ ಮೇಲೆ ಮೊದಲ ಸಲ, ನಾನೇ ಒಂದು ತೋಟ ನೋಡಲು ಹೋದೆ. ದರ್ಜಿ ಹೇಳಿದ ಮನೆ. ಪಿಯಾನೊ ಕಲಿಸುವ ಟೀಚರೊಬ್ಬರದ್ದು. ಎರಡು ಗೋಡೆಗಳ ನಡುವಿನ ಓಣಿಯಂಥ ಜಾಗ, ಅಷ್ಟರಲ್ಲೇ ತೋಟ. ನಾನು ಟೀಚರಿಗೆ ಹೇಳಿದೆ, "ಇಲ್ಲಿ ಬರೋರೆಲ್ಲ ರಿವರ್ಸಲ್ಲೇ ವಾಪಸ್ ಹೋಗ್ಬೇಕು." ಅವರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಗು ಮುಗಿಯುವ ಮುಂಚೆಯೇ ಇದು ಯಾರ ಮಾತು ಎಂದು ನೆನಪಾಯಿತು. ಅವರ ಮನೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಟೀಚರು ಗಾಬರಿಯಾಗಿ ನೀರು ತಂದುಕೊಟ್ಟರು.

ಆಗ ತಿಳಿಯಿತು. ನೀವು ಮುಚ್ಚಿಟ್ಟದ್ದಕ್ಕೆ ಬಂದ ಸಿಟ್ಟು ಆಗಲೇ ತಣ್ಣಗಾಗಿತ್ತು. ಅವಳು ನನಗೆ ಇಷ್ಟವಾಗಿಬಿಟ್ಟಿದ್ದಾಳೆ, ಅದಕ್ಕೆ ಸಿಟ್ಟು. ದ್ವೇಷಿಸಲು ಒಬ್ಬಳಾದರೂ ಇರಲಿ ಎಂದು ಮನಸ್ಸಿನ ಮೂಲೆಯಲ್ಲಿ ಒಂದು ಜಾಗ ಕಾದಿರಿಸಿದ್ದೆ. ಅವನು ಮುಂದೊಂದು ದಿನ ಮದುವೆಯಾಗುವವಳಿಗೆ, ಯಾರಾದರೂ ಸರಿ. ನೀವು ಅವಳನ್ನು ಹಿಂಬಾಗಿಲಿಂದ ಕರೆತಂದು ನನ್ನ ಪಕ್ಕದಲ್ಲೇ ಕೂರಿಸಿದಿರಿ. ಈಗ ಆ ಜಾಗ ಖಾಲಿ. ಅಲ್ಲಿ ಏನಿಡಬೇಕು ಎಂದು ತಿಳಿಯುತ್ತಿಲ್ಲ.

ನಾನು ಆ ಮನೆಗೆ ಬರುವುದಿಲ್ಲ. ಅವಳು ಇಲ್ಲಿಗೆ ಬರುವುದೂ ಸದ್ಯಕ್ಕೆ ಬೇಡ, ನನ್ನ ಕೈಲಾಗದು. ಆದರೆ ಕೈಗವಸು ಅವಳಿಗೇ ಹೊಲಿದದ್ದು. ಬೇಸಿಗೆ ಮುಗಿಯುವ ಮುಂಚೆ ಹಾಕಿಕೊಳ್ಳಲಿ. ಹಿತ್ತಲಿನ ವಿಷಯವೂ ಹೇಳಿಬಿಡುತ್ತೇನೆ. ನಾನು ಮಾಡಿದ್ದನ್ನು ಅವಳು ಕಾಯುತ್ತ ಕೂರುವುದು ಬೇಡ. ಅದು ನನಗೂ ಭಾರ, ಅವಳಿಗೂ ಭಾರ. ಬೇಕಾದ್ದು ಇಟ್ಟುಕೊಂಡು, ಬೇಡದ್ದು ತೆಗೆದು, ತನ್ನದೇನಾದರೂ ಮಾಡಲಿ. ಸಿಮೆಂಟು ಮಾತ್ರ ಹಾಕಿಸಬೇಡಿ.

ಬಣ್ಣದ ಡಬ್ಬಿ

ಜೂನ್ ೮

ಡಬ್ಬಿಗೆ,

ಅವಳಿಗೆ ನಿನ್ನ ಕಾಗದ ಓದಿ ಹೇಳಿದೆ, ಸಿಟ್ಟಿನ ಭಾಗವನ್ನೂ ಬಿಡಲಿಲ್ಲ. ಪೂರ್ತಿ ಕೇಳಿ "ನನ್ನನ್ನ ದ್ವೇಷ ಮಾಡೋಕೆ ಅವರಿಗೆ ಹಕ್ಕಿತ್ತು, ಬಿಟ್ಟುಕೊಟ್ರು" ಎಂದಳು. ಕೈಗವಸು ಹಾಕಿಕೊಂಡು ಕೆಲಸಕ್ಕೆ ಹೋದಳು. ಸಂಜೆ ಹಿತ್ತಲಿಗೆ ಹೋಗಿ ತುಂಬ ಹೊತ್ತು ನಿಂತಿದ್ದಳು. ನಾನು ಒಳಗಿನಿಂದ ನೋಡಿದೆ, ಕರೆಯಲಿಲ್ಲ.

ನಿನ್ನ ಕಿಟಕಿಯ ತೋಟ ಬಿಚ್ಚಿ ತೆಗೆಯುವ ಮುಂಚೆ ನನಗೆ ನೋಡಬೇಕು. ಜೂನ್ ಇಪ್ಪತ್ತರ ಬೆಳಗಿನ ಬಸ್ಸಿಗೆ ಟಿಕೆಟ್ ತೆಗೆದಿದ್ದೇನೆ. ಒಬ್ಬಳೇ ಬರುತ್ತೇನೆ. ಬೇಡವಾದರೆ ಬರೆ. ಬರೆದರೂ ಆ ಕಾಗದ ನನಗೆ ಸಿಗುವ ಹೊತ್ತಿಗೆ ನಾನು ಬಸ್ಸಿನಲ್ಲಿರುತ್ತೇನೆ.

ಅತ್ತೆ

ಜೂನ್ ೨೨

ಅತ್ತೆ,

ನಿಮ್ಮನ್ನು ಬಸ್ಸು ಹತ್ತಿಸಿ ಈಗಷ್ಟೇ ಬಂದೆ. ನೀವು ಮನೆ ತಲುಪುವ ಮುಂಚೆಯೇ ಬರೆಯಲು ಕೂತಿದ್ದೇನೆ. ಕೋಣೆಯಲ್ಲಿ ನಿಮ್ಮ ಮುಲಾಮಿನ ವಾಸನೆ ಇನ್ನೂ ಇದೆ.

ಒಂದೇ ಮನೆಯಲ್ಲಿ ಅಷ್ಟು ವರ್ಷ ಇದ್ದೆವಲ್ಲ, ನಾವಿಬ್ಬರೇ ಎಂದಾದರೂ ಎಲ್ಲಿಗಾದರೂ ಹೋಗಿದ್ದೆವಾ? ಯೋಚಿಸಿದರೆ ಒಂದೂ ನೆನಪಾಗುತ್ತಿಲ್ಲ. ಆಸ್ಪತ್ರೆಗೆ ಹೋಗಿದ್ದಿರಬಹುದು, ಅದು ಹೋಗುವುದಲ್ಲ. ಇವತ್ತು ನಾವು ನೋಡಲು ಹೋದ ಆ ಕ್ಷೌರಿಕರ ತೋಟದ ಗೇಟಿನಲ್ಲಿ ನೀವು ಚಪ್ಪಲಿಯ ಮಣ್ಣು ಕೊಡವಿ, ನನಗೂ ಕೊಡವು ಎಂದು ಕಣ್ಸನ್ನೆ ಮಾಡಿದಾಗ ನನಗೆ ಒಳಗೊಳಗೇ ಖುಷಿಯಾಯಿತು. ನೀವು ಬಯ್ಯುತ್ತೀರೇನೋ ಎಂದು ಬಾಯಿ ಬಿಡಲಿಲ್ಲ.

ಅವರು ಅಂಗಡಿ ಮುಚ್ಚಿದಾಗ ಕನ್ನಡಿಗಳನ್ನೆಲ್ಲ ಮನೆಗೆ ತಂದು ಗಿಡಗಳ ನಡುವೆ ನಿಲ್ಲಿಸಿದ್ದು ನನಗಂತೂ ಬಹಳ ಇಷ್ಟವಾಯಿತು. ನೀವು ತಿರುವಿನಲ್ಲಿ ಎದುರು ಬಂದ ಹೆಂಗಸಿಗೆ ದಾರಿ ಬಿಟ್ಟು, ಪಕ್ಕಕ್ಕೆ ಸರಿದು, "ನೀವು ಮೊದ್ಲು ಹೋಗಿ" ಎಂದಿರಿ. ಅವರೂ ಸರಿದರು. ನೀವು ಮತ್ತೆ "ಪರ್ವಾಗಿಲ್ಲ, ಹೋಗಿ" ಎಂದಿರಿ. ನಾನು ನಗು ತಡೆಯಲಾರದೆ ಬಳ್ಳಿ ಹಿಡಿದುಕೊಂಡೆ. ಅದು ಕನ್ನಡಿ ಎಂದು ಗೊತ್ತಾದ ಮೇಲೆ ನೀವು ನಗುತ್ತೀರಿ ಎಂದುಕೊಂಡೆ. ನೀವು ಕನ್ನಡಿಯ ಹತ್ತಿರ ಹೋಗಿ ಸುಮ್ಮನೆ ನೋಡುತ್ತ ನಿಂತಿರಿ. "ಇಷ್ಟು ವಯಸ್ಸಾಗಿದೆಯಾ ಇವಳಿಗೆ" ಎಂದಿರಿ. ನಾನು ಬಂದು ಪಕ್ಕದಲ್ಲಿ ನಿಂತೆ. ಕನ್ನಡಿಯಲ್ಲಿ ನಾವಿಬ್ಬರೂ, ನಡುವೆ ಒಂದು ದಾಸವಾಳ. ಏನಾದರೂ ಹೇಳಬೇಕೆಂದುಕೊಂಡೆ, ಅಷ್ಟರಲ್ಲಿ ನೀವು "ಮಕ್ಕಳು ಓಡಾಡೋ ಜಾಗದಲ್ಲಿ ಯಾರಾದ್ರೂ ಗಾಜು ಇಡ್ತಾರಾ?" ಎಂದು ಶುರುಮಾಡಿದಿರಿ. ನಾನು ಬಿಡಲಿಲ್ಲ, ನೀವೂ ಬಿಡಲಿಲ್ಲ. ಜಗಳ ಗೇಟಿನವರೆಗೂ ಬಂತು. ಆ ಮನುಷ್ಯ ಕತ್ತರಿ ಹಿಡಿದು ಯಾರ ಪರ ವಹಿಸುವುದು ಎಂದು ತಿಳಿಯದೆ ನಿಂತಿದ್ದರು.

ಕೊನೆಗೆ ಅವರು "ನೀವಿಬ್ರೂ ಏನಾಗ್ಬೇಕು?" ಎಂದು ಕೇಳಿದರಲ್ಲ. ಅತ್ತೆ ಸೊಸೆ ಎಂದರೆ ಸುಳ್ಳು. ಅಲ್ಲ ಎಂದರೆ ಅದೂ ಸುಳ್ಳು. ನೀವು ಒಂದು ಚೂರೂ ಯೋಚಿಸದೆ "ನಾವಾ? ತೋಟ ನೋಡೋರು" ಎಂದು ಚೀಲ ಹೆಗಲಿಗೇರಿಸಿದಿರಿ. ಅವರು, ಅದೊಂದು ನೆಂಟಸ್ತಿಕೆ ಎಂಬಂತೆ, "ಓ, ಹಾಗಾ" ಎಂದು ತಲೆದೂಗಿದರು.

ಬಸ್ಸು ನಿಲ್ದಾಣದಲ್ಲಿ ಕಿಟಕಿಯಿಂದ ಕೈ ಹೊರಚಾಚಿ ನನ್ನ ತೋಳಿನ ಮೇಲಿದ್ದ ಒಣಗಿದ ಬಣ್ಣವನ್ನು ಉಗುರಿನಿಂದ ಕೆರೆದಿರಿ. ಅದು ಹೋಗಲಿಲ್ಲ. ನೀವು ಕೆರೆಯುತ್ತಲೇ ಇದ್ದಿರಿ, ಬಸ್ಸು ಹೊರಟಿತು.

ಬಸ್ಸು ತಿರುವು ದಾಟಿ ಮರೆಯಾದ ಮೇಲೆ ಹೊಳೆಯಿತು. ನೀವು ಬಂದಿಳಿದ ಗಳಿಗೆಯಿಂದ ಹೊರಡುವವರೆಗೂ ನಾವು ಕಿಟಕಿಯ ಬಗ್ಗೆ ಮಾತಾಡಿದೆವು, ಕನ್ನಡಿಗಳ ಬಗ್ಗೆ ಜಗಳವಾಡಿದೆವು, ಸಾರಥಿಯ ಬಗ್ಗೆಯೂ ಮಾತು ಬಂತು, ಅವಳ ಹೆಸರು ಕೇಳಿ ನನಗೆ ಏನೂ ಆಗಲಿಲ್ಲ. ನಿಮ್ಮ ಮಗನ ಮಾತು ಮಾತ್ರ ಬರಲೇ ಇಲ್ಲ. ತಡೆದು ಹಿಡಿದದ್ದಲ್ಲ, ಅತ್ತೆ. ನನಗೆ ನೆನಪೇ ಆಗಲಿಲ್ಲ. ನಿಮಗೂ ಆಗಲಿಲ್ಲ ಎಂದು ಕಾಣುತ್ತದೆ.

ಡಬ್ಬಿ